ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ: ಎರಡು ಇಂಜಿನ್ ಬೋಟೊಂದರ ಪ್ರಕರಣ

ಈ ಬೋಟಿನ ಒಡೆಯರನ್ನು ಇಲ್ಲಿ ಹಿರಿಯರು ಅಂತಲೇ ಕರೆಯುತ್ತೇನೆ. ಅವರು ನಮ್ಮ ಕರಾವಳಿಯವರು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನೆಲೆಸಿ ಮೂವತ್ತು ವರ್ಷ ದಾಟಿದೆ. ವಯಸ್ಸು ಅರವತ್ತರ ಮೇಲೆ. ಬೋಟಿನ ಹೆಸರು, ಅದನ್ನು ನಿಲ್ಲಿಸುವ ಮರೀನಾ, ರಿಪೇರಿ ಕೆಲಸ ಮಾಡಿದ ಬೋಟ್‌ಯಾರ್ಡ್ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಬೋಟ್ ಇಂಜಿನ್‌ಗಳ ಕೆಲಸದವನು, ಅವರ ಪರಿಚಯದವನು. ಎರಡು ಇಂಜಿನ್ ಬೋಟು ಇಟ್ಟುಕೊಂಡವರಿಗೆ ಇದರಿಂದ ಉಪಯೋಗವಾಗಲಿ ಅಂತ, ನಾನು ಎಲ್ಲಿ ದಾರಿ ತಪ್ಪಿದೆ ಅನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಬೋಟು

ಸುಮಾರು ಮೂವತ್ತು ಅಡಿ ಉದ್ದದ ಫೈಬರ್ ಬೋಟು, 1980ರ ದಶಕದ್ದು. ಒಳಗೆ ಎರಡು ಪೆಟ್ರೋಲ್ ವಿ-8 ಇಂಜಿನ್. ಪ್ರತಿ ಇಂಜಿನ್ನಿನ ಹಿಂದೆ ಒಂದು ಗೇರ್‌ಬಾಕ್ಸ್, ಅಲ್ಲಿಂದ ತಳದ ಮೂಲಕ ನೀರಿಗೆ ಇಳಿಯುವ ನೇರ ಶಾಫ್ಟ್, ಅದರ ತುದಿಗೆ ಪ್ರೊಪೆಲ್ಲರ್. ನಮ್ಮ ಮಲ್ಪೆ, ಮಂಗಳೂರು ಕಡೆ ಫ್ಯಾನ್ ಅನ್ನುತ್ತಾರಲ್ಲ, ಅದೇ. ಎರಡು ಶಾಫ್ಟುಗಳ ನಡುವೆ ನಾಲ್ಕು ಅಡಿಗೂ ಕಡಿಮೆ ಅಂತರ. ಈ ಅಂತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರೊಪೆಲ್ಲರ್‌ಗಳಲ್ಲಿ ಬಲಗೈಯದ್ದು, ಎಡಗೈಯದ್ದು ಅಂತ ಎರಡು ಜಾತಿ. ಬೋಟಿನ ಹಿಂದೆ ನಿಂತು ನೋಡಿದಾಗ, ಮುಂದಕ್ಕೆ ಹೋಗಲು ಗಡಿಯಾರದ ಮುಳ್ಳಿನ ಹಾಗೆ ತಿರುಗುವುದು ಬಲಗೈಯದ್ದು. ಮಾಮೂಲಿ ಸ್ಕ್ರೂವನ್ನು ಸ್ಕ್ರೂಡ್ರೈವರಿನಿಂದ ಮರಕ್ಕೆ ಬಿಗಿಯುವಾಗ ತಿರುಗಿಸುತ್ತೇವಲ್ಲ, ಅದೇ ದಿಕ್ಕು. ಎಡಗೈಯದ್ದು ಇದಕ್ಕೆ ಉಲ್ಟಾ. ಎರಡು ಇಂಜಿನ್ ಬೋಟಿನಲ್ಲಿ ಸಾಮಾನ್ಯವಾಗಿ ಬಲಬದಿಗೆ ಬಲಗೈಯದ್ದು, ಎಡಬದಿಗೆ ಎಡಗೈಯದ್ದು ಹಾಕುತ್ತಾರೆ. ಆಗ ಎರಡರ ಮೇಲ್ತುದಿಯೂ ಹೊರಮುಖವಾಗಿ ತಿರುಗುತ್ತದೆ. ಇದನ್ನು ಹೊರತಿರುಗು ಅನ್ನೋಣ.

ಯಾಕೆ ಹೀಗೆ? ಪ್ರೊಪೆಲ್ಲರ್ ಬೋಟನ್ನು ಮುಂದಕ್ಕೆ ಮಾತ್ರ ತಳ್ಳುವುದಿಲ್ಲ, ಹಿಂಭಾಗವನ್ನು ಸ್ವಲ್ಪ ಪಕ್ಕಕ್ಕೂ ಎಳೆಯುತ್ತದೆ. ಅದನ್ನು ನೀರಿನ ತಳದಲ್ಲಿ ಉರುಳುವ ಗಾಲಿ ಅಂತ ಅಂದುಕೊಳ್ಳಿ. ಗಡಿಯಾರದ ದಿಕ್ಕಿನಲ್ಲಿ ತಿರುಗಿದರೆ ಹಿಂಭಾಗ ಬಲಕ್ಕೆ ಉರುಳುತ್ತದೆ, ಉಲ್ಟಾ ತಿರುಗಿದರೆ ಎಡಕ್ಕೆ. ಈಗ ಬೋಟನ್ನು ನಿಂತಲ್ಲೇ ಎಡಕ್ಕೆ ತಿರುಗಿಸಬೇಕು ಅಂತಿಟ್ಟುಕೊಳ್ಳಿ. ಬಲ ಇಂಜಿನ್ ಮುಂದಕ್ಕೆ, ಎಡ ಇಂಜಿನ್ ಹಿಂದಕ್ಕೆ. ಹೊರತಿರುಗು ಜೋಡಿಯಲ್ಲಿ ಆ ಹೊತ್ತಿಗೆ ಎರಡು ಪ್ರೊಪೆಲ್ಲರ್‌ಗಳೂ ಗಡಿಯಾರದ ದಿಕ್ಕಿನಲ್ಲೇ ತಿರುಗುತ್ತಿರುತ್ತವೆ. ಎರಡೂ ಸೇರಿ ಹಿಂಭಾಗವನ್ನು ಬಲಕ್ಕೆ ಎಳೆಯುತ್ತವೆ, ಮೂತಿ ಎಡಕ್ಕೆ ಹೊರಳುತ್ತದೆ. ತಳ್ಳುವ ಬಲವೂ ಪಕ್ಕಕ್ಕೆ ಎಳೆಯುವ ಬಲವೂ ಒಂದೇ ಕೆಲಸಕ್ಕೆ ಕೈ ಜೋಡಿಸಿದ ಹಾಗೆ. ಬೋಟು ಹರಿಗೋಲಿನ ಹಾಗೆ ಇದ್ದಲ್ಲೇ ತಿರುಗುತ್ತದೆ.

ಒಳತಿರುಗು, ಅಂದರೆ ಎರಡರ ಮೇಲ್ತುದಿಯೂ ಒಳಮುಖವಾಗಿ ತಿರುಗುವುದು ಆದರೆ ಈ ಎರಡು ಬಲಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ.

ತೊಂದರೆ ಶುರುವಾದದ್ದು

ಹಿರಿಯರು ಹದಿನಾಲ್ಕು ವರ್ಷದಿಂದ ಇದೇ ಬೋಟನ್ನು ಓಡಿಸುತ್ತಿದ್ದರು. ಅವರ ಸ್ಲಿಪ್, ಅಂದರೆ ಮರೀನಾದಲ್ಲಿ ಬೋಟು ನಿಲ್ಲಿಸುವ ಜಾಗ, ಇಕ್ಕಟ್ಟಿನದು. ಎರಡೂ ಕಡೆ ಮರದ ಕಂಬ, ಹಿಂದುಮುಂದಾಗಿ ಒಳಗೆ ತರಬೇಕು. ಅವರು ಸ್ಟಿಯರಿಂಗ್ ಮುಟ್ಟದೆ, ಬರೀ ಎರಡು ಇಂಜಿನ್‌ಗಳ ಗೇರ್ ಲಿವರ್‌ಗಳಲ್ಲಿ ಬೋಟನ್ನು ಒಳಗೆ ತರುತ್ತಿದ್ದುದನ್ನು ನಾನೇ ನೋಡಿದ್ದೇನೆ. ನೋಡಲು ಚೆಂದ.

ಮೇರಿಲ್ಯಾಂಡ್‌ನ ಚೆಸಪೀಕ್ ಕೊಲ್ಲಿಯ ಮೇಲ್ಭಾಗದಲ್ಲಿ ಜೋರು ಮಳೆಯಾದಾಗ ಒಂದು ಕಾಟವಿದೆ. ಸಸ್ಕ್ವೆಹಾನ ನದಿ ತುಂಬಿ ಕೊನೊವಿಂಗೊ ಅಣೆಕಟ್ಟಿನ ಗೇಟು ತೆರೆದರೆ ಮರದ ದಿಮ್ಮಿಗಳು ಕೊಲ್ಲಿಗೆ ತೇಲಿ ಬರುತ್ತವೆ. ಒಂದು ಸೆಪ್ಟೆಂಬರಿನಲ್ಲಿ ಅಂಥ ಒಂದು ದಿಮ್ಮಿ ಇವರ ಬೋಟಿನ ಅಡಿಗೆ ಸಿಕ್ಕಿತು. ಎರಡೂ ಪ್ರೊಪೆಲ್ಲರ್ ಮಣಿದವು. ಚಳಿಗಾಲಕ್ಕೆ ಬೋಟು ಮೇಲೆತ್ತಿದಾಗ ಅವನ್ನು ಬಿಚ್ಚಿ ರಿಪೇರಿಗೆ ಕಳಿಸಿದರು. ಅದೇ ಚಳಿಗಾಲದಲ್ಲಿ ಲಿವರ್‌ಗಳಿಂದ ಗೇರ್‌ಬಾಕ್ಸಿಗೆ ಹೋಗುವ ಹಳೆಯ ಗೇರ್ ಕೇಬಲ್‌ಗಳನ್ನೂ ಬದಲಿಸಿದರು. ಏಪ್ರಿಲ್‌ನಲ್ಲಿ ಬೋಟು ಮತ್ತೆ ನೀರಿಗಿಳಿಯಿತು.

ಮೇ ತಿಂಗಳಲ್ಲಿ ಹಿರಿಯರು ಮೊದಲ ಸಲ ಕಂಬಕ್ಕೆ ಗುದ್ದಿದರು. ಆಮೇಲೆ ಇನ್ನೊಂದು ಸಲ. ಜುಲೈನಲ್ಲಿ ಗಾಳಿಯಿದ್ದ ಒಂದು ಸಂಜೆ ಬೋಟು ತಿರುಗಲೇ ಇಲ್ಲ, ಅಡ್ಡಡ್ಡ ಹೋಯಿತು. ಹಗ್ಗ ಹಿಡಿದು ನಿಂತಿದ್ದ ಅವರ ಮನೆಯವರ (ನಾನು ಅವರನ್ನು ಅಕ್ಕ ಅನ್ನುತ್ತೇನೆ) ಕೈ ಕಂಬಕ್ಕೂ ಬೋಟಿನ ಕಂಬಿಗೂ ನಡುವೆ ಸಿಕ್ಕಿ ಜಜ್ಜಿತು. ಮೂಳೆ ಮುರಿಯಲಿಲ್ಲ, ಪುಣ್ಯ.

ಆ ರಾತ್ರಿ ಅವರು ನನಗೆ ಫೋನ್ ಮಾಡಿದರು. "ಮಾರಾಯ್ರೆ, ನನ್ನ ಕೈ ಹೋಯ್ತು. ವಯಸ್ಸಾಯ್ತು ನೋಡಿ. ಬೋಟು ಮಾರುವುದೇ ಇನ್ನು."

ಈ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಮೂರು ತಿಂಗಳು ಅವರು ತನ್ನದೇ ತಪ್ಪು ಅಂತ ನಂಬಿ ಕೂತಿದ್ದರು. ಬೋಟು ಮುಂದಕ್ಕೆ ಹೋಗು ಅಂದರೆ ಹೋಗುತ್ತಿತ್ತು, ಹಿಂದಕ್ಕೆ ಬಾ ಅಂದರೆ ಬರುತ್ತಿತ್ತು. ಇನ್ನು ತಪ್ಪು ಯಾರದ್ದು ಅಂತ ಅನ್ನಿಸಬೇಕು, ಅಲ್ವಾ?

ಮೊದಲು ಹಿಡಿದ ತಪ್ಪು ದಾರಿ

ಬೇರೆ ಊರಿನಲ್ಲಿದ್ದ ಅವರ ಮಗ ಬೋ ಥ್ರಸ್ಟರ್ ಹಾಕಿಸಿ ಅಂದ. ಮೂತಿಯ ಹತ್ತಿರ ಅಡ್ಡ ಕೊಳವೆ ಕೊರೆದು ಅದರೊಳಗೆ ಮೋಟಾರ್ ಕೂರಿಸುವ ವ್ಯವಸ್ಥೆ ಅದು. ಸಾವಿರಾರು ಡಾಲರ್ ಖರ್ಚು. ಹಿರಿಯರು ಹೆಚ್ಚುಕಮ್ಮಿ ಒಪ್ಪಿದ್ದರು. ನಾನು ಒಂದು ವಾರ ತಡೆಯಿರಿ ಅಂದೆ.

ಹೋಗಿ ನೋಡಿದಾಗ ಅವರು ಇನ್ನೊಂದು ದೂರು ಹೇಳಿದರು. ಮೊದಲು 3,200 ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ಸುತ್ತುವ ಸುತ್ತು) ಬೋಟು 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.) ಹೋಗುತ್ತಿತ್ತು. ಈಗ ಅದೇ 18 ನಾಟ್‌ಗೆ 3,500 ಬೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಇಲ್ಲಿ ನಾನು ಎಡವಿದೆ. ರಿಪೇರಿಯಲ್ಲಿ ಪ್ರೊಪೆಲ್ಲರ್‌ಗಳ ಪಿಚ್ ಕಡಿಮೆಯಾಗಿದೆ ಅಂತ ತೀರ್ಮಾನಿಸಿಬಿಟ್ಟೆ. ಪಿಚ್ ಅಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದ ಪ್ರಕಾರ ಎಷ್ಟು ಮುಂದೆ ಹೋಗಬೇಕು ಅನ್ನುವ ಅಳತೆ. ಅದು ಕಡಿಮೆಯಾದರೆ ಅದೇ ವೇಗಕ್ಕೆ ಇಂಜಿನ್ ಜಾಸ್ತಿ ಸುತ್ತಬೇಕು. ವಿವರಣೆ ಚೆನ್ನಾಗಿಯೇ ಹೊಂದುತ್ತಿತ್ತು. ಆದರೆ ರಿಪೇರಿ ಅಂಗಡಿಯವರು ಅಳತೆಯ ಚೀಟಿ ತೋರಿಸಿದರು, ಪಿಚ್ ಸರಿಯಾಗಿಯೇ ಇತ್ತು. ಮುಳುಗುಗಾರನನ್ನು ಕರೆಸಿ ತಳದ ಪಾಚಿ ತೆಗೆಸಿದೆವು. ಚುಕ್ಕಾಣಿಯ ಅಲಗುಗಳು ಸಮವಾಗಿವೆಯಾ ನೋಡಿದೆವು. ಏನೂ ವ್ಯತ್ಯಾಸವಿಲ್ಲ. ಎರಡು ವಾರ ಹೋಯಿತು.

ತಿರುಗುವ ತೊಂದರೆಯನ್ನೂ ಆರ್‌ಪಿಎಂ ತೊಂದರೆಯನ್ನೂ ನಾನು ಬೇರೆ ಬೇರೆ ಅಂದುಕೊಂಡಿದ್ದೆ. ಅದೇ ದೊಡ್ಡ ತಪ್ಪು. ಎರಡೂ ಒಂದೇ ಚಳಿಗಾಲದ ನಂತರ ಬಂದಿದ್ದವು.

ಒಂದು ಮಾತು

ತಿರುವು ಸಿಕ್ಕಿದ್ದು ಅವರು ಸಮಾಧಾನಕ್ಕೆ ಹೇಳಿಕೊಂಡ ಒಂದು ಮಾತಿನಿಂದ. "ಒಂದು ಒಳ್ಳೇದೂ ಆಗಿದೆ ನೋಡಿ. ಮೊದಲು ಒಂದೇ ಇಂಜಿನ್ನಿನಲ್ಲಿ ಹಿಂದೆ ಬಂದರೆ ಬೋಟು ಪಕ್ಕಕ್ಕೆ ಎಳೆಯುತ್ತಿತ್ತು. ಈಗ ಹೆಚ್ಚುಕಮ್ಮಿ ನೇರವಾಗಿ ಬರ್ತದೆ."

ನಾನು ಚಹಾ ಲೋಟ ಕೆಳಗಿಟ್ಟೆ. ಹಾಗೆ ಆಗಬಾರದು. ಬಲ ಇಂಜಿನ್ ಒಂದನ್ನೇ ಹಿಂದಕ್ಕೆ ಹಾಕಿದರೆ, ಅದು ನಡುಗೆರೆಯಿಂದ ಬಲಕ್ಕೆ ಇರುವುದರಿಂದಲೇ ಹಿಂಭಾಗ ಎಡಕ್ಕೆ ಹೋಗಬೇಕು. ಬಲಗೈ ಪ್ರೊಪೆಲ್ಲರ್ ಹಿಂದಕ್ಕೆ ತಿರುಗುವಾಗಲೂ ಹಿಂಭಾಗವನ್ನು ಎಡಕ್ಕೇ ಎಳೆಯುತ್ತದೆ. ಎರಡೂ ಸೇರಿ ಜೋರಾಗಿ ಎಳೆಯಬೇಕು. ನೇರವಾಗಿ ಬರುತ್ತಿದೆ ಅಂದರೆ ಒಂದು ಬಲ ಇನ್ನೊಂದನ್ನು ತಿನ್ನುತ್ತಿದೆ. ಅಂದರೆ ಬಲಬದಿಗೆ ಎಡಗೈ ಪ್ರೊಪೆಲ್ಲರ್ ಇದೆ.

ಆದರೆ ಪ್ರೊಪೆಲ್ಲರ್ ಮಾತ್ರ ಅದಲುಬದಲಾದರೆ ಲಿವರ್ ಮುಂದಕ್ಕೆ ತಳ್ಳಿದಾಗ ಬೋಟು ಹಿಂದಕ್ಕೆ ಹೋಗಬೇಕಿತ್ತು. ಅದು ಮುಂದಕ್ಕೇ ಹೋಗುತ್ತಿದೆ. ಹಾಗಾದರೆ ಇನ್ನೊಂದೂ ಅದಲುಬದಲಾಗಿದೆ. ಹೊಸ ಕೇಬಲ್‌ಗಳು ಆಗ ನೆನಪಾದವು.

ಪರೀಕ್ಷೆ

ಮರುದಿನ ಬೆಳಿಗ್ಗೆ ಗಾಳಿ ಏಳುವ ಮೊದಲೇ, ನೀರಿನ ಸೆಳೆತ ನಿಂತ ಹೊತ್ತು ನೋಡಿಕೊಂಡು ಬಯಲು ನೀರಿಗೆ ಹೋದೆವು. ಚುಕ್ಕಾಣಿ ನೇರಕ್ಕೆ ಇಟ್ಟು, ಒಂದು ಇಂಜಿನ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ, ಎರಡೂ ಐಡಲ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಕೊಡದೆ. ಪೂರ್ತಿ ಒಂದು ಸುತ್ತಿಗೆ ಎರಡೂವರೆ ನಿಮಿಷ ಹಿಡಿಯಿತು. ಸ್ವಲ್ಪ ಗಾಳಿ ಬೀಸಿದ್ದರೆ ತಿರುಗುತ್ತಲೇ ಇರಲಿಲ್ಲ ಅನ್ನಿಸಿತು.

ಆಮೇಲೆ ಬೋಟನ್ನು ಧಕ್ಕೆಗೆ ಗಟ್ಟಿಯಾಗಿ ಕಟ್ಟಿ, ಇಂಜಿನ್ ಕೋಣೆಯ ಮುಚ್ಚಳ ತೆರೆದೆವು. ಎರಡೂ ಶಾಫ್ಟ್ ಕಪ್ಲಿಂಗ್ ಮೇಲೆ ಬಿಳಿ ಬಣ್ಣದ ಗುರುತು ಹಾಕಿದೆ. ಐಡಲ್‌ನಲ್ಲಿ ತಿರುಗುವ ಶಾಫ್ಟಿನ ದಿಕ್ಕು ಬರಿಗಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ, ಸೀಲಿಂಗ್ ಫ್ಯಾನ್ ಒಮ್ಮೊಮ್ಮೆ ಉಲ್ಟಾ ತಿರುಗಿದ ಹಾಗೆ ಕಾಣುತ್ತದಲ್ಲ, ಹಾಗೆ. ಅದಕ್ಕೆ ಫೋನನ್ನು ಕಂಬಿಗೆ ಕಟ್ಟಿ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದೆವು. ಇದನ್ನು ಮಾಡುವವರು ದಯವಿಟ್ಟು ಸಡಿಲ ಬಟ್ಟೆ ಹಾಕಬೇಡಿ, ತಿರುಗುವ ಶಾಫ್ಟಿನ ಹತ್ತಿರ ಕೈ ಒಯ್ಯಬೇಡಿ.

ವಿಡಿಯೋದಲ್ಲಿ ಎರಡು ವಿಷಯ ಕಂಡವು. ಒಂದು, ಲಿವರ್ ಮುಂದಕ್ಕಿದ್ದಾಗ ಎರಡೂ ಶಾಫ್ಟುಗಳ ಮೇಲ್ಭಾಗ ಒಳಮುಖವಾಗಿ ತಿರುಗುತ್ತಿತ್ತು. ಎರಡನೆಯದು ಇನ್ನೂ ಗಟ್ಟಿ ಸಾಕ್ಷಿ. ಇಂಥ ಹಳೆಯ ಪೆಟ್ರೋಲ್ ಜೋಡಿಗಳಲ್ಲಿ ಇಂಜಿನ್‌ಗಳೇ ಎದುರುಬದುರು ತಿರುಗುವ ಹಾಗೆ ಮಾಡಿರುತ್ತಾರೆ. ಎಡದ್ದು ಕಾರಿನ ಇಂಜಿನ್ನಿನ ದಿಕ್ಕಿನಲ್ಲೇ, ಬಲದ್ದು ಅದಕ್ಕೆ ಉಲ್ಟಾ. ಈ ಥರದ 1:1 ಗೇರ್‌ಬಾಕ್ಸಿನಲ್ಲಿ (ಇಂಜಿನ್ ಒಂದು ಸುತ್ತಿದರೆ ಶಾಫ್ಟೂ ಒಂದು ಸುತ್ತು) ಮುಂದಿನ ಗೇರ್ ಹಾಕಿದರೆ ಇಂಜಿನ್ ತಿರುಗಿದ ದಿಕ್ಕಿನಲ್ಲೇ ಶಾಫ್ಟ್ ತಿರುಗಬೇಕು. ಇಲ್ಲಿ ಇಂಜಿನ್ನಿನ ಪುಲ್ಲಿ ಒಂದು ದಿಕ್ಕು, ಶಾಫ್ಟ್ ಇನ್ನೊಂದು ದಿಕ್ಕು. ಅಂದರೆ ಏಪ್ರಿಲ್‌ನಿಂದ ಬೋಟು ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಓಡುತ್ತಿತ್ತು.

ಆರ್‌ಪಿಎಂ ಒಗಟೂ ಅಲ್ಲೇ ಬಿಡಿಸಿಕೊಂಡಿತು. ಈ ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ 1:1 ಇದ್ದರೂ ಹಿಂದಕ್ಕೆ ಸುಮಾರು 1.1:1. ಇಂಜಿನ್ 1.1 ಸುತ್ತು ಸುತ್ತಿದರೆ ಶಾಫ್ಟ್ ಒಂದು ಸುತ್ತು. 3,500 ಅನ್ನು 1.1ರಿಂದ ಭಾಗಿಸಿ, 3,180ರ ಆಸುಪಾಸು ಬರುತ್ತದೆ. ಪ್ರೊಪೆಲ್ಲರ್ ಮೊದಲಿನಷ್ಟೇ ತಿರುಗುತ್ತಿತ್ತು, ಇಂಜಿನ್ ಮಾತ್ರ ಸುಮ್ನೆ ಜಾಸ್ತಿ ದುಡಿಯುತ್ತಿತ್ತು. ಈ ಭಾಗಾಕಾರವನ್ನು ನಾನು ಮೊದಲ ದಿನವೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಗೇರ್‌ಬಾಕ್ಸ್ ಎಣ್ಣೆಯ ಕಡ್ಡಿ ತೆಗೆದು ನೋಡಿದೆ. ಕೆಂಪಗಿರಬೇಕಾದ ಎಣ್ಣೆ ಎಡದ್ದರಲ್ಲಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು.

ಹೇಗಾಯಿತು

ಯಾರ್ಡಿನ ಮೆಕ್ಯಾನಿಕ್ ಹತ್ತಿರ ಹೋಗಿ ಜಗಳವಾಡದೆ ಕೇಳಿದೆವು. ಅವನು ಯೋಚಿಸಿ, ನಡೆದದ್ದನ್ನು ನೇರವಾಗಿ ಹೇಳಿದ. ಬೋಟನ್ನು ಪಟ್ಟಿಗಳಲ್ಲಿ ನೇತುಹಾಕಿ ನೀರಿಗಿಳಿಸಿ ಲಿವರ್ ಮುಂದಕ್ಕೆ ತಳ್ಳಿದಾಗ ಅದು ಹಿಂದಕ್ಕೆ ಜಗ್ಗಿತಂತೆ. ಕೇಬಲ್ ಹೊಸದಾಗಿ ಹಾಕಿದ್ದು ಅವನೇ. ಹಾಗಾಗಿ ಕೇಬಲ್ ಉಲ್ಟಾ ಕಟ್ಟಿದ್ದೇನೆ ಅಂದುಕೊಂಡ. ಎರಡೂ ಕೇಬಲ್‌ಗಳನ್ನು ಲಿವರಿನ ಇನ್ನೊಂದು ತುದಿಗೆ ಬದಲಿಸಿದ. ಬೋಟು ಮುಂದಕ್ಕೆ ಹೋಯಿತು. ಸರಿಯಾಯಿತು ಅಂದುಕೊಂಡು ಮುಂದಿನ ಬೋಟಿಗೆ ಹೋದ. ಪ್ರೊಪೆಲ್ಲರ್ ಹಾಕಿದ್ದು ಬೇರೆ ಕೆಲಸಗಾರ.

ಅವನ ಯೋಚನೆಯಲ್ಲಿ ಮೋಸವಿಲ್ಲ, ಸೋಮಾರಿತನವೂ ಇಲ್ಲ. ತಾನು ಮುಟ್ಟಿದ ಕೆಲಸವನ್ನೇ ಮೊದಲು ಅನುಮಾನಿಸಿದ. ಒಳ್ಳೆಯ ಕೆಲಸಗಾರರು ಹಾಗೇ ಮಾಡುತ್ತಾರೆ. ಆದರೆ ಕಣ್ಣಿಗೆ ಬೀಳುತ್ತಿದ್ದ ಒಂದು ತಪ್ಪು, ಎರಡನೆಯ ತಪ್ಪು ಸೇರಿದ್ದರಿಂದ ಮರೆಯಾಗಿಹೋಯಿತು. ಕೇಬಲ್ ಬದಲಿಸುವ ಮೊದಲು ಒಬ್ಬರು ಬಗ್ಗಿ ಪ್ರೊಪೆಲ್ಲರಿನ ನಡುವಿನ ಗುಬ್ಬಿಯ (ಹಬ್) ಮೇಲೆ ಕೊರೆದ ಅಕ್ಷರ ಓದಿದ್ದರೆ ಸಾಕಿತ್ತು. ವ್ಯಾಸ, ಪಿಚ್, ಜೊತೆಗೆ ಬಲಗೈಯೋ ಎಡಗೈಯೋ ಅಂತ ಅಲ್ಲೇ ಬರೆದಿರುತ್ತದೆ.

ಬಿಡುವುದೋ, ಬದಲಿಸುವುದೋ

ಯಾರ್ಡಿನವರು ನವೆಂಬರಿನಲ್ಲಿ ಹೇಗೂ ಬೋಟು ಎತ್ತುತ್ತೇವೆ, ಆಗ ಮಾಡೋಣ ಅಂದರು. ಒಳತಿರುಗು ಅಂದರೆ ತಪ್ಪೇ ಅಂತೇನಿಲ್ಲ, ಬೇಕಂತಲೇ ಹಾಗೆ ಹಾಕುವವರಿದ್ದಾರೆ ಅಂದರು. ಆ ಮಾತು ನಿಜ. ಕೆಲವು ಎರಡು ಒಡಲಿನ ಕ್ಯಾಟಮರಾನ್ ಬೋಟುಗಳಲ್ಲಿ, ಕೆಲವು ವೇಗದ ಬೋಟುಗಳಲ್ಲಿ, ಕೆಲವು ಹಡಗುಗಳಲ್ಲಿ ಒಳತಿರುಗನ್ನು ಆರಿಸುತ್ತಾರೆ. ಕ್ಯಾಟಮರಾನ್‌ನಲ್ಲಿ ಪ್ರೊಪೆಲ್ಲರ್‌ಗಳ ನಡುವೆ ಅಂತರ ತುಂಬಾ ಇರುತ್ತದೆ. ಉದ್ದ ಸನ್ನೆಗೋಲು ಹಿಡಿದ ಹಾಗೆ, ತಳ್ಳುವ ಬಲವೊಂದರಿಂದಲೇ ಬೋಟು ತಿರುಗಿಬಿಡುತ್ತದೆ. ಪಕ್ಕದ ಎಳೆತ ಎದುರು ನಿಂತರೂ ಅಷ್ಟು ತೊಂದರೆಯಿಲ್ಲ.

ನಮ್ಮ ಬೋಟಿನಲ್ಲಿ ಆ ಅಂತರ ನಾಲ್ಕು ಅಡಿಯೂ ಇರಲಿಲ್ಲ. ಇಲ್ಲಿ ಪಕ್ಕದ ಎಳೆತ ಬಿಟ್ಟುಕೊಡುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಕಾರಣ ಗೇರ್‌ಬಾಕ್ಸ್. ಎರಡೂ ದಿಕ್ಕಿಗೆ ಪೂರ್ತಿ ಶಕ್ತಿ ತಡೆಯುವ, ಎರಡೂ ಕಡೆ ಒಂದೇ ಅನುಪಾತವಿರುವ ಗೇರ್‌ಬಾಕ್ಸ್‌ಗಳಿವೆ. ಅಂಥವು ಇದ್ದರೆ ಒಂದೇ ಥರದ ಎರಡು ಇಂಜಿನ್ ಕೂರಿಸಿ, ತಿರುಗುವ ದಿಕ್ಕನ್ನು ಗೇರ್‌ಬಾಕ್ಸಿನಲ್ಲೇ ಆರಿಸಬಹುದು. ಇದು ಅಂಥದ್ದಲ್ಲ. ಇದರ ರಿವರ್ಸ್ ಇರುವುದು ಧಕ್ಕೆಯ ಹತ್ತಿರ ಕೆಲವು ಸೆಕೆಂಡುಗಳ ಕೆಲಸಕ್ಕೆ. ಗಂಟೆಗಟ್ಟಲೆ ಓಡಿಸಿದರೆ ಬಿಸಿಯಾಗಿ ಕ್ಲಚ್ ಸುಡುತ್ತದೆ. ನಡುನೀರಿನಲ್ಲಿ ಅದು ಕೈಕೊಟ್ಟರೆ ಏನು ಗತಿ?

ಹಿರಿಯರು ಹೆಚ್ಚು ಮಾತಾಡಲಿಲ್ಲ. "ಈಗಲೇ ಎತ್ತುವ" ಅಂದರು.

ಆಗಸ್ಟ್ ಕೊನೆಗೆ ಬೋಟು ಎತ್ತಿದೆವು. ಬಲಬದಿಯ ಗುಬ್ಬಿಯ ಮೇಲೆ ಎಡಗೈ ಗುರುತು, ಎಡಬದಿಯದರ ಮೇಲೆ ಬಲಗೈ ಗುರುತು. ಹಿರಿಯರು ಅದರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನಿಂತಿದ್ದರು.

ಕೆಲಸದ ಕ್ರಮ ಮುಖ್ಯ. ಪ್ರೊಪೆಲ್ಲರ್ ಸರಿ ಮಾಡಿ ಕೇಬಲ್ ಮರೆತರೆ ಬೋಟು ಲಿವರಿಗೆ ಉಲ್ಟಾ ಓಡುತ್ತದೆ, ಜನರಿರುವ ಜಾಗದಲ್ಲಿ ಅದು ಬಹಳ ಅಪಾಯ. ಅದಕ್ಕೆ ಎರಡನ್ನೂ ಒಂದೇ ದಿನ ಮಾಡಿಸಿದೆವು. ನೀರಿಗಿಳಿಸಿದ ಮೇಲೆ ಪಟ್ಟಿಗಳನ್ನು ಬಿಚ್ಚುವ ಮೊದಲೇ ಒಂದೊಂದು ಇಂಜಿನ್ನನ್ನೂ ಬೇರೆ ಬೇರೆಯಾಗಿ ಮುಂದಕ್ಕೆ, ಹಿಂದಕ್ಕೆ ಹಾಕಿ ನೋಡಿದೆವು. ಬೋಟು ಯಾವ ಕಡೆ ಜಗ್ಗುತ್ತದೆ ಅನ್ನುವುದರ ಜೊತೆಗೆ ಶಾಫ್ಟ್ ಇಂಜಿನ್ನಿನ ದಿಕ್ಕಿನಲ್ಲೇ ತಿರುಗುತ್ತದೆಯಾ ಅಂತಲೂ ನೋಡಿದೆವು. ಏಪ್ರಿಲ್‌ನಲ್ಲಿ ತಪ್ಪಿಹೋದದ್ದು ಈ ಎರಡನೆಯ ನೋಟ.

ಎಡ ಗೇರ್‌ಬಾಕ್ಸ್ ಬಿಚ್ಚಿದಾಗ ರಿವರ್ಸ್ ಕ್ಲಚ್ಚಿನ ಪ್ಲೇಟುಗಳು ಸುಟ್ಟು ನೀಲಿ ಬಣ್ಣಕ್ಕೆ ಬಂದಿದ್ದವು. ಅದನ್ನು ಪೂರ್ತಿ ಹೊಸದು ಮಾಡಿಸಬೇಕಾಯಿತು. ಬಲದ್ದರಲ್ಲಿ ಎಣ್ಣೆಯ ಒತ್ತಡ ಸರಿಯಿತ್ತು, ಎಣ್ಣೆ ಬದಲಿಸಿದರೆ ಸಾಕಾಯಿತು. ಬೋಟು ಎತ್ತಿಳಿಸುವ ಖರ್ಚನ್ನು ಯಾರ್ಡಿನವರು ಹೊತ್ತರು. ಗೇರ್‌ಬಾಕ್ಸ್ ಖರ್ಚು ಅರ್ಧರ್ಧ ಅಂತ ಮಾತಾಯಿತು. ಏಪ್ರಿಲ್‌ನ ಕೆಲಸದ ಚೀಟಿಯಲ್ಲಿ ಕೇಬಲ್ ಮತ್ತೆ ಬದಲಿಸಿದ ವಿಷಯ ಬರೆದಿರಲೇ ಇಲ್ಲ, ಹಾಗಾಗಿ ಪೂರ್ತಿ ಕೇಳುವುದು ಕಷ್ಟವಾಯಿತು. ಬರೆದಿದ್ದರೆ ನಾನೂ ಮೊದಲ ದಿನವೇ ಅನುಮಾನಪಡುತ್ತಿದ್ದೆ.

ಔಟ್‌ಬೋರ್ಡ್ ಇರುವವರಿಗೆ

ಈಗಿನ ಎರಡು ಔಟ್‌ಬೋರ್ಡ್ (ಬೋಟಿನ ಹಿಂಭಾಗಕ್ಕೆ ಹೊರಗಿನಿಂದ ಕೂರಿಸುವ ಮೋಟಾರು) ಇರುವ ಬೋಟುಗಳಲ್ಲಿ ಈ ತಪ್ಪು ಇದೇ ರೀತಿ ಆಗುವುದು ಕಷ್ಟ, ಆದರೆ ಆಯ್ಕೆಯ ಪ್ರಶ್ನೆ ಅದೇ. ಹೆಚ್ಚಿನ ಮಾದರಿಗಳಲ್ಲಿ ಎಡಗೈ ಪ್ರೊಪೆಲ್ಲರಿನ ಮೋಟಾರಿನ ಕೆಳಭಾಗದ ಗೇರುಗಳನ್ನೇ ಬೇರೆಯಾಗಿ ಮಾಡಿರುತ್ತಾರೆ. ಯಮಾಹಾದವರ ನಾಲ್ಕು ಸ್ಟ್ರೋಕ್ ಮೋಟಾರುಗಳಲ್ಲಿ ಮಾದರಿಯ ಹೆಸರು 'ಎಲ್‌ಎಫ್' ಅಂತ ಶುರುವಾದರೆ ಅದು ಎಡಗೈಯದ್ದು. ಸುಮ್ನೆ ಪ್ರೊಪೆಲ್ಲರ್ ಬದಲಿಸಿ ದಿಕ್ಕು ಬದಲಿಸಲು ಆಗುವುದಿಲ್ಲ. ಹಳೆಯ ಮೋಟಾರೊಂದು ಕೆಟ್ಟು ಬದಲಿ ತರುವಾಗ ಯಾವ ಬದಿಗೆ, ಯಾವ ಕೈಯದ್ದು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಎರಡೂ ಬಲಗೈಯದ್ದಾದರೆ ಬೋಟು ಓಡುತ್ತದೆ, ಆದರೆ ಎರಡರ ತಿರುಚುವ ಬಲವೂ ಒಂದೇ ಕಡೆಗೆ ಸೇರುತ್ತದೆ. ಒಂದೇ ಮೋಟಾರಿನಲ್ಲಿ ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್ ಇದ್ದರೆ, 1982ರಲ್ಲಿ ವೋಲ್ವೋ ಪೆಂಟಾ ತಂದ ಡ್ಯುಯೊಪ್ರಾಪ್‌ನ ಹಾಗೆ (ಅದು ಔಟ್‌ಬೋರ್ಡ್ ಅಲ್ಲ), ಅಲ್ಲಿ ಪಕ್ಕದ ಎಳೆತ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಆಮೇಲೆ

ಅದೇ ಬಯಲು ನೀರು, ಅಂಥದ್ದೇ ಗಾಳಿಯಿಲ್ಲದ ಬೆಳಿಗ್ಗೆ, ಎರಡೂ ಇಂಜಿನ್ ಐಡಲ್. ಪೂರ್ತಿ ಸುತ್ತಿಗೆ ಒಂದೂಕಾಲು ನಿಮಿಷ. 3,200 ಆರ್‌ಪಿಎಂಗೆ 18 ನಾಟ್. ಬಲ ಇಂಜಿನ್ ಒಂದನ್ನೇ ಹಿಂದಕ್ಕೆ ಹಾಕಿದಾಗ ಹಿಂಭಾಗ ಜೋರಾಗಿ ಎಡಕ್ಕೆ ಎಳೆಯಿತು. ಹಿರಿಯರು "ಹಾಂ, ಇದು ನನ್ನ ಬೋಟು" ಅಂದರು.

ಬೋ ಥ್ರಸ್ಟರ್ ಮಾತು ಮತ್ತೆ ಬರಲಿಲ್ಲ, ಮಾರುವ ಮಾತೂ ಬರಲಿಲ್ಲ. ಇಂಜಿನ್ ಕೋಣೆಯ ಗೋಡೆಯ ಮೇಲೆ ಅವರೇ ಕೆಂಪು ಬಣ್ಣದಲ್ಲಿ ಎರಡು ಬಾಣ ಬರೆದಿದ್ದಾರೆ. ಪ್ರತಿ ಶಾಫ್ಟಿಗೆ ಒಂದು, ಮುಂದಕ್ಕೆ ಹೋಗುವಾಗ ಅದು ತಿರುಗಬೇಕಾದ ದಿಕ್ಕು ತೋರಿಸಲು.

ಅಕ್ಟೋಬರಿನ ಒಂದು ಸಂಜೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ವಾಪಸ್ ಬರುವಾಗ ಪಕ್ಕದಿಂದ ಚೆನ್ನಾಗಿ ಗಾಳಿ ಬೀಸುತ್ತಿತ್ತು. ಅಕ್ಕ ಹಗ್ಗ ಹಿಡಿದು ಹಿಂದೆ ನಿಂತರು. ಹಿರಿಯರು ಸ್ಟಿಯರಿಂಗ್ ಬಿಟ್ಟು ಎರಡು ಲಿವರ್‌ಗಳ ಮೇಲೆ ಕೈಯಿಟ್ಟರು. ಬೋಟು ನಿಂತಲ್ಲೇ ತಿರುಗಿತು, ಮೆಲ್ಲಗೆ ಹಿಂದೆ ಸರಿಯಿತು, ಎರಡು ಕಂಬಗಳ ನಡುವೆ ಬಂದು ನಿಂತಿತು. ಅಕ್ಕ ಕೈ ಚಾಚಿ ಹಗ್ಗವನ್ನು ಕಂಬಕ್ಕೆ ಹಾಕಿದರು.